ಇದ್ದವರನ್ನು ಅಳಿಸುವ ಫಾರಂ

ಜೇವರ್ಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕಾಕಾ ಕೇಳಿದರು: ‘ತಮ್ಮಾ, ನಾ ಇದ್ದೀನಿ ಅಂತ ತೋರಸ್ಲಿಕ್ಕಿ ಏನೇನು ಕಾಗದ ಬೇಕು?’ ಆಧಾರ್, ರೇಷನ್ ಕಾರ್ಡು, ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿಯವರಾದರೆ ಜೀವಂತ ಪ್ರಮಾಣಪತ್ರ ಎಂದು ಬೆರಳು ಮಡಚಿದೆ. ‘ಮತ್ತ, ಇಲ್ಲ ಅಂತ ತೋರಸ್ಲಿಕ್ಕಿ?’

ಅದಕ್ಕೆ ಒಂದೇ ಸಾಕು: ಫಾರಂ 7. ಅದನ್ನೂ ನೀವೇ ತುಂಬಬೇಕೆಂದಿಲ್ಲ.

ನಮ್ಮ ಜಿಲ್ಲೆಯದೇ ಆಳಂದಕ್ಕೆ 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಈ ಭಾಗ್ಯ ಒದಗಿತ್ತು. ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ ಫಾರಂ 7ರ 6,018 ಅರ್ಜಿ. ಪರಿಶೀಲಿಸಿದರೆ ಸರಿಯಿದ್ದವು 24. ಉಳಿದ 5,994 ಅರ್ಜಿಗಳು ಇಲ್ಲವೆಂದವರು ಇದ್ದರು. ಇನ್ನೂ ಸೊಗಸೆಂದರೆ, ಯಾರ ಹೆಸರಲ್ಲಿ ಅರ್ಜಿ ಹೋಗಿತ್ತೋ ಆ ಅರ್ಜಿದಾರರಿಗೇ ಅದರ ಸುದ್ದಿ ಗೊತ್ತಿರಲಿಲ್ಲ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದಂತೆ. ಇಲ್ಲಿ ಕಸಿದದ್ದು ಬಲಗೈಗೂ ತಿಳಿಯಲಿಲ್ಲ.

2023ರ ಫೆಬ್ರವರಿಯಲ್ಲೇ ಎಫ್‌ಐಆರ್ ಆಯಿತು. ತನಿಖೆಗೆ ಎಸ್‌ಐಟಿ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಒಂದು ಅರ್ಜಿಗೆ 80 ರೂಪಾಯಿ ಕೂಲಿ ಕೊಟ್ಟ ಸುಳಿವು ಸಿಕ್ಕಿದೆಯೆಂದು ಪತ್ರಿಕೆಗಳು ಬರೆದವು. ತೊಗರಿಯ ಕಣಜವೆಂಬ ಕಲಬುರಗಿಯಲ್ಲಿ ಆ ದುಡ್ಡಿಗೆ ಒಂದು ಕಿಲೊ ಬೇಳೆಯೂ ಬರುವುದಿಲ್ಲ. ಒಬ್ಬ ಪ್ರಜೆ ಹೋಗುತ್ತಾನೆ.

ಆ ಪ್ರಜೆಯ ಓಟಾದರೂ ಬೇಗ ಬಂದದ್ದಲ್ಲ. ನಮ್ಮ ಭಾಗಕ್ಕೆ ಸ್ವಾತಂತ್ರ್ಯ ಬಂದದ್ದೇ 13 ತಿಂಗಳು ತಡವಾಗಿ, 1948ರ ಸೆಪ್ಟೆಂಬರ್ 17ಕ್ಕೆ. ಆಮೇಲೆ ಸಂವಿಧಾನದ 326ನೇ ವಿಧಿ ದೇಸಾಯರಿಗೂ ಅವರ ಹೊಲದ ಆಳಿಗೂ ಒಂದೊಂದೇ ಓಟು ಕೊಟ್ಟಿತು. ಆದರೂ ಓಟು ಮೂಲಭೂತ ಹಕ್ಕಲ್ಲ; ಅದು ಕಾನೂನು ಕೊಟ್ಟ ಹಕ್ಕು ಎಂದು 1952ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ವಕೀಲರಿಗೆ ಈ ವ್ಯತ್ಯಾಸ ದೊಡ್ಡದು. ಓಟಿನ ದಿನ ಬಿಟ್ಟರೆ ಯಾರೂ ‘ಬರ್ರಿ, ಕೂಡ್ರಿ’ ಅನ್ನದ ಆಳಿಗೆ ಮೂಲಭೂತ ಹಕ್ಕುಗಳೆಲ್ಲ ಈ ಓಟಿನ ಬಾಲ ಹಿಡಿದೇ ಬರಬೇಕು.

ಹೆಸರು ಅಳಿಸುವ ಮುನ್ನ ನೋಟಿಸು, ವಿಚಾರಣೆ ಆಗಲೇಬೇಕೆಂಬ ನಿಯಮವಿದೆ, ಹೆದರಬೇಡಿರೆಂದು ಕಾಕಾಗೆ ಧೈರ್ಯ ಹೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟರು.

‘ಹೆದರಿಕಿ ಅಲ್ಲೊ. ನಮ್ಮಪ್ಪ ಸತ್ತು ಒಂಬತ್ತು ವರ್ಷ ಆತು. ಹೆಸರು ತೆಗೀರಿ ಅಂತ ನಾಕು ಸಲ ಹೋದೆ. ಸತ್ತಿದ್ದಕ್ಕ ಪುರಾವೆ ಕೇಳಿ ಹೊಳ್ಳಿ ಕಳಿಸ್ಯಾರ. ಆಳಂದದಾಗ ಎಂಬತ್ತು ರೂಪಾಯಿಗೆ ಮಾಡ್ತಿದ್ರಲ್ಲ, ಅವರ ನಂಬರ್ ಅದ ಏನು ನಿನ್ನ ಕಡಿ?’