ಸೋರುವ ಡಬ್ಬಿಗೆ ಎಲ್ಲೂ ಜಾಗವಿಲ್ಲ

ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ತಲೆತಲಾಂತರದಿಂದ ನಗುತ್ತ ಬಂದಿದ್ದೇವೆ. ಪಾಪ, ಅವರಿಗೆ ನೀರಿರಲಿಲ್ಲ. ‘ಎಕ್ಸ್-ಪ್ರೆಸ್ ಪರ್ಲ್’ ಹಡಗಿನ ಸುತ್ತ ಇದ್ದದ್ದು ಹಿಂದೂ ಮಹಾಸಾಗರ.

2021ರ ಮೇ ತಿಂಗಳು. ಒಂದು ಆಯುಧಪೂಜೆಯನ್ನೂ ಕಾಣದ ಹೊಚ್ಚಹೊಸ ಹಡಗು, ಮೈಮೇಲೆ 1,486 ಕಂಟೇನರು. ಹೊತ್ತ ನೈಟ್ರಿಕ್ ಆಮ್ಲವೇ 25 ಟನ್. ಅದರಲ್ಲೊಂದು ಡಬ್ಬಿ ಸೋರುತ್ತಿದೆ. ಇದೊಂದನ್ನು ಇಳಿಸಿಕೊಳ್ಳಿ ಎಂದು ಕತಾರಿನ ಹಮದ್ ಬಂದರನ್ನು ಕೇಳಿದರು, ಗುಜರಾತಿನ ಹಜೀರಾವನ್ನು ಕೇಳಿದರು. ಎರಡೂ ಕಡೆ ಒಂದೇ ಉತ್ತರ: ಸದ್ಯಕ್ಕೆ ಸೌಲಭ್ಯವಿಲ್ಲ, ತಜ್ಞರಿಲ್ಲ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ’ ಎನ್ನುವುದೂ ಇದೇ ಧಾಟಿಯಲ್ಲೇ. ಸೋರುವ ಡಬ್ಬಿಯನ್ನು ಇಳಿಸಲು ಪರಿಣತಿ ಬೇಕಂತೆ. ಹೊತ್ತುಕೊಂಡು ಮುಂದೆ ಹೋಗಲು ಬೇಡ.

ಮೇ 20ರಂದು ಕೊಲಂಬೊದ ಹೊರಗೆ ಬೆಂಕಿ. 25ಕ್ಕೆ ಸ್ಫೋಟ. ಹಡಗಿನಲ್ಲಿದ್ದವರನ್ನೆಲ್ಲ ಇಳಿಸಿದರು. ಟಗ್‌ಗಳು ಬಂದವು, ನಮ್ಮ ಕರಾವಳಿ ರಕ್ಷಣಾ ಪಡೆಯ ಹಡಗುಗಳೂ ಹೋದವು. ಆದರೆ ಕಂಟೇನರೆಂದರೆ ಬಾಗಿಲು ಜಡಿದ ಉಕ್ಕಿನ ಪೆಟ್ಟಿಗೆ. ಒಳಗೆ ಉರಿ, ಹೊರಗೆ ನೀರು: ಎಮ್ಮೆಯ ಮೇಲೆ ಮಳೆ ಸುರಿದಂತೆ. ಹಟ ಹಿಡಿದು ಸುರಿದರೆ ಆ ನೀರೇ ಹೊಟ್ಟೆ ಸೇರಿ ಹಡಗು ಭಾರವಾಗುತ್ತದೆ. ಸುಡುವುದೋ ಮುಳುಗುವುದೋ, ಆರಿಸಿಕೊಳ್ಳಬೇಕು.

ಪರ್ಲ್ ಎರಡನ್ನೂ ಆರಿಸಿಕೊಂಡಿತು. ಜ್ವಾಲೆ ತಗ್ಗುತ್ತಲೇ ಆಳ ಸಮುದ್ರಕ್ಕೆ ಎಳೆಯಿರಿ ಎಂಬ ಆಜ್ಞೆ ಬಂತು. ಸಾಯುವುದಾದರೆ ಸಾಯಿ, ನಮ್ಮ ಹೊಸ್ತಿಲಲ್ಲಿ ಬೇಡ ಎಂದು ಅದರರ್ಥ. ಹಗ್ಗ ಕಟ್ಟಿ ಎಳೆದರು. ಹಡಗು ಸ್ವಲ್ಪ ದೂರ ಹೋಗಿ, ಸುಮಾರು 21 ಮೀಟರ್ ಆಳದಲ್ಲಿ ಹಿಂಭಾಗ ಊರಿ ಧರಣಿ ಕೂತುಬಿಟ್ಟಿತು.

ನಾವೇನು ಬೇರೆ ಅಲ್ಲ. 2025ರ ಜೂನ್‌ನಲ್ಲಿ ಕೇರಳದಾಚೆ ‘ವಾನ್ ಹೈ 503’ ಹೊತ್ತಿಕೊಂಡಾಗ ಬದುಕಿದ 18 ಮಂದಿಯನ್ನು ನೌಕಾಪಡೆ ಮಂಗಳೂರಿಗೆ ತಂದಿತು. ನಾಲ್ವರು ಸಿಗಲಿಲ್ಲ. ಹಡಗನ್ನು ಮಾತ್ರ ದೂರ, ಇನ್ನೂ ದೂರ ಎಂದು ಎಳೆಯುತ್ತಲೇ ಹೋದರು. (ತಪ್ಪೆನ್ನುತ್ತಿಲ್ಲ, ನಮ್ಮ ಬೂತಾಯಿ ಬಂಗುಡೆಯೂ ಅಲ್ಲಿಂದಲೇ ಬರಬೇಕಲ್ಲ.)

ಇನ್ನು ಲೆಕ್ಕ. ಕಡಲ ಕಾನೂನು ಬಲು ಮೃದು ಹೃದಯದ್ದು. ಹಡಗು ಎಷ್ಟು ದೊಡ್ಡದೆಂದು ನೋಡಿ ಪರಿಹಾರಕ್ಕೆ ಮಿತಿ ಹಾಕುತ್ತದೆ, ಹಾನಿ ಎಷ್ಟು ದೊಡ್ಡದೆಂದು ನೋಡಿ ಅಲ್ಲ. 2023ರಲ್ಲಿ ಲಂಡನ್ ನ್ಯಾಯಾಲಯ ಪರ್ಲ್‌ನ ಹೊಣೆಗೆ 1 ಕೋಟಿ 90 ಲಕ್ಷ ಪೌಂಡಿನ ಮಿತಿ ಹಾಕಿತು. 2025ರಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟು 100 ಕೋಟಿ ಡಾಲರ್ ಕೊಡಿ ಎಂದಿತು. ಹಡಗಿನ ಕಂಪನಿ ಆಗುವುದಿಲ್ಲ ಎಂದಿತು. ಸದ್ಯಕ್ಕೆ ಸೌಲಭ್ಯವಿಲ್ಲವೇನೋ.

ಅಷ್ಟರಲ್ಲಿ ಸಮುದ್ರವೇ ಸರಕು ಇಳಿಸಿಯಾಗಿತ್ತು. ಸಾಬಕ್ಕಿಯಷ್ಟು ಸಣ್ಣ, ಸಾಬಕ್ಕಿಯಷ್ಟೇ ಬಿಳುಪಾದ ಪ್ಲಾಸ್ಟಿಕ್ ಕಾಳು, ಟನ್ನುಗಟ್ಟಲೆ. ಶ್ರೀಲಂಕಾದ ಸರಕ್ಕುವ ಕಡಲತೀರದ ಮರಳಿನಲ್ಲಿ ಮೈತುಂಬ ರಕ್ಷಾಕವಚ ತೊಟ್ಟವರು ಬಗ್ಗಿ, ಮರಳು ತೋಡಿ, ಜರಡಿ ಹಿಡಿದು ಕಾಳು ಬೇರ್ಪಡಿಸುತ್ತಿದ್ದರು. ಅಲ್ಲಿ ಸೌಲಭ್ಯವಿತ್ತು: ಸಲಿಕೆ, ಜರಡಿ, ಚೀಲ.