ವೆಬ್‌ಸೈಟ್ ರಾಯರು

ಪ್ರತಿ ಸಂಘಕ್ಕೂ ಒಬ್ಬ ಅಧ್ಯಕ್ಷರು, ಒಬ್ಬ ಖಜಾಂಚಿ ಮತ್ತು ಒಬ್ಬ ವೆಬ್‌ಸೈಟ್ ರಾಯರು ಇರುತ್ತಾರೆ. ಮೊದಲಿಬ್ಬರನ್ನು ಸರ್ವಸದಸ್ಯರ ಸಭೆ ಆರಿಸುತ್ತದೆ, ಅವಧಿ ಮುಗಿದಾಗ ಜಗಳವಾಡಿ ಬದಲಾಯಿಸುತ್ತದೆ. ರಾಯರನ್ನು ಯಾರೂ ಆರಿಸಿದ್ದಲ್ಲ. ಯಾವುದೋ ಕಾಲದಲ್ಲಿ ಯಾರೋ ಒಬ್ಬರು "ನಮ್ಮದೂ ಒಂದು ವೆಬ್‌ಸೈಟ್ ಅಂತ ಇರಬೇಕಲ್ಲ" ಅಂದರು. ಮಿಕ್ಕವರೆಲ್ಲ ತಂತಮ್ಮ ಕಾಫಿ ಲೋಟದೊಳಕ್ಕೆ ಇಣುಕತೊಡಗಿದರು. ರಾಯರು ಮಾತ್ರ ತಲೆಯೆತ್ತಿ ಕೂತಿದ್ದರು. ಅಂದಿನಿಂದ ಆ ಹುದ್ದೆ ಅವರಿಗೆ ಜೀವಾವಧಿ.

ಇಲ್ಲಿ ಹೇಳಹೊರಟಿರುವ ರಾಯರು ದಕ್ಷಿಣ ಬೆಂಗಳೂರಿನ ಒಂದು ಸಾಹಿತ್ಯ ಸಂಘದವರು. ಕನ್ನಡ ಟೈಪಿಂಗ್ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ಈ ಬರಹಗಾರನನ್ನೂ ಅವರ ಉಪಸಮಿತಿಗೆ ಹಾಕಲಾಗಿತ್ತು. ರಾಯರು ಹೇಳುವುದಕ್ಕೆಲ್ಲ ತಲೆ ಆಡಿಸುವುದು ಉಪಸಮಿತಿಯ ಕೆಲಸ, ಅದನ್ನು ಈತ ಚಾಚೂ ತಪ್ಪದೆ ನಿರ್ವಹಿಸಿದ.

ರಾಯರ ಆಸ್ತಿ ಒಂದು ಹಳೆಯ ಬ್ಯಾಂಕ್ ಡೈರಿ. ಸೈಟಿನ ಗುಟ್ಟೆಲ್ಲ ಅದರಲ್ಲಿದೆ, ಅದು ಅವರ ಬೀರುವಿನಲ್ಲಿದೆ, ಬೀರುವಿನ ಕೀಲಿ ಅವರ ಜನಿವಾರದಲ್ಲಿದೆ. ಇಷ್ಟು ಭದ್ರವಾಗಿ ಕಾಪಾಡಿದ ಪಾಸ್‌ವರ್ಡ್ ಯಾವುದು ಅಂದರೆ ಸಂಘದ ಹೆಸರು, ಅದರ ಮುಂದೆ ಸ್ಥಾಪನೆಯಾದ ವರ್ಷ. ಎರಡೂ ಸಂಘದ ಲೆಟರ್‌ಹೆಡ್ಡಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿವೆ. ಲಾಗಿನ್ ಹೆಸರು ಅಡ್ಮಿನ್. ಮುಖಪುಟದಲ್ಲಿ ಅಡ್ಡಡ್ಡ ಓಡುವ ಅಕ್ಷರಗಳು, ಭೇಟಿ ಕೊಟ್ಟವರ ಸಂಖ್ಯೆ ತೋರಿಸುವ ಹಸಿರು ಮೀಟರು, ಒಂದರ ಮೇಲೊಂದು ಜಾರಿಕೊಂಡು ಬರುವ ಸನ್ಮಾನದ ಫೋಟೋಗಳು, ಎಲ್ಲವೂ ರಾಯರ ಸ್ವಂತ ಆಯ್ಕೆ.

ಸೈಟು ವರ್ಡ್‌ಪ್ರೆಸ್‌ನದ್ದು. 2003ರಲ್ಲಿ ಹುಟ್ಟಿದ ಈ ತಂತ್ರಾಂಶದ ಮೇಲೆ ಇವತ್ತು ಜಗತ್ತಿನ ನೂರರಲ್ಲಿ ನಲವತ್ತಕ್ಕೂ ಹೆಚ್ಚು ವೆಬ್‌ಸೈಟುಗಳು ನಡೆಯುತ್ತಿವೆ. ಅದರ ಡ್ಯಾಶ್‌ಬೋರ್ಡಿನಲ್ಲಿ ಎಡಗಡೆ ಒಂದು ಪುಟ್ಟ ಕೆಂಪು ಚುಕ್ಕೆ, ಅದರೊಳಗೆ ಒಂದು ಸಂಖ್ಯೆ ಕಾಣುತ್ತದೆ. ಇಷ್ಟು ಅಪ್‌ಡೇಟ್ ಬಾಕಿ ಇವೆ ಎಂದು ಅದರ ಅರ್ಥ. ಸಾಲ ಕೊಟ್ಟವನ ನೋಟಿಸಿಗೆ ಒಗ್ಗಿಹೋದವರ ನಿರ್ಲಿಪ್ತತೆಯಲ್ಲಿ ರಾಯರು ಅದನ್ನು ನೋಡುತ್ತಾರೆ. ತೋರಿಸಿ ಕೇಳಿದರೆ ಉತ್ತರ ಸಿದ್ಧ: "ನಡೀತಿದೆಯಲ್ಲ, ಯಾಕೆ ಸುಮ್ಮನೆ ಮೈಮೇಲೆ ಎಳ್ಕೊಳ್ಳೋದು?" ಇನ್ನೂ ಒತ್ತಿ ಕೇಳಿದರೆ ಎರಡನೆಯ ಉತ್ತರ: "ನಮ್ಮ ಸೈಟಲ್ಲಿ ಏನಿದೆ ಅಂತ ಹ್ಯಾಕ್ ಮಾಡ್ತಾರೆ? ಕವಿಗೋಷ್ಠಿ ಫೋಟೋ ಕದೀತಾರಾ?"

ಈ ಎರಡನೆಯ ಪ್ರಶ್ನೆಗೆ ಉತ್ತರ ಒಂದು ರಾಜ್ಯೋತ್ಸವದ ಮುಂಚೆ ಬಂತು.

ಕವಿಗೋಷ್ಠಿಗೆ ಬರಬೇಕಿದ್ದ ಅತಿಥಿಯೊಬ್ಬರು ಸಭಾಂಗಣದ ವಿಳಾಸ ನೋಡೋಣವೆಂದು ಗೂಗಲ್‌ನಲ್ಲಿ ಸಂಘದ ಹೆಸರು ಹೊಡೆದರು. ಸಂಘವೇನೋ ಸಿಕ್ಕಿತು. ಅದರ ಕೆಳಗೆ ಕಾರ್ಯಕ್ರಮದ ವಿವರ ಇರಬೇಕಾದ ಜಾಗದಲ್ಲಿ ಜಪಾನಿ ಲಿಪಿಯ ಎರಡು ಸಾಲು, ಹೆಂಗಸರ ಕೈಚೀಲ, ಯೆನ್‌ನಲ್ಲಿ ಅದರ ಬೆಲೆ. ಮುಂದಿನ ಫಲಿತಾಂಶದಲ್ಲಿ ಬೂಟು. ಅದರಾಚೆ ಕೈಗಡಿಯಾರ. ಅತಿಥಿ ಸ್ಕ್ರೀನ್‌ಶಾಟ್ ತೆಗೆದು ಅಧ್ಯಕ್ಷರಿಗೆ ಕಳಿಸಿದರು. ಅಧ್ಯಕ್ಷರು ಹಳೆ ಕಾಲದ ಸಜ್ಜನರು. "ಜಪಾನಿನಲ್ಲಿ ಶಾಖೆ ಯಾವಾಗ ಆಯ್ತು?" ಎಂದು ಕಾರ್ಯದರ್ಶಿಯನ್ನು ಕೇಳಿದರಂತೆ.

ರಾಯರು ಅಲ್ಲಾಡಲಿಲ್ಲ. ವಿಳಾಸ ಟೈಪ್ ಮಾಡಿ ಸೈಟು ತೆರೆದರು. ಓಡುವ ಅಕ್ಷರ ಓಡುತ್ತಿತ್ತು, ಜಾರುವ ಫೋಟೋ ಜಾರುತ್ತಿತ್ತು. "ನಮ್ಮನೇಲಿ ಸರಿಯಾಗೇ ಬರ್ತಿದೆ" ಎಂದು ವಾಟ್ಸಾಪ್ ಗುಂಪಿನಲ್ಲಿ ಸಾರಿದರು. ಮರುದಿನ ಇನ್ನಿಬ್ಬರು ದೂರಿದಾಗ ಅವರು ಹಾಕಿದ ಮೆಸೇಜನ್ನು ಈ ಬರಹಗಾರ ಜೋಪಾನವಾಗಿ ಇಟ್ಟುಕೊಂಡಿದ್ದಾನೆ: "ನಿಮ್ಮ ಫೋನಲ್ಲಿ ವೈರಸ್ ಇರಬೇಕು. ಮೊದಲು ಫೋನ್ ಅಪ್‌ಡೇಟ್ ಮಾಡ್ಕೊಳ್ಳಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಈ ದಾಳಿಯ ವೈಖರಿಯೇ ಅಂಥದ್ದು. ಗೂಗಲ್‌ನ ಹುಡುಕುಯಂತ್ರ ಬಂದಾಗ, ಅಥವಾ ಹುಡುಕಾಟದ ಮೂಲಕ ಯಾರಾದರೂ ಒಳಬಂದಾಗ ಕೈಚೀಲದ ಅಂಗಡಿ ತೆರೆಯುತ್ತದೆ. ವಿಳಾಸ ನೆಟ್ಟಗೆ ಟೈಪ್ ಮಾಡಿ ಬಂದವರಿಗೆ ಎಂದಿನ ಮುಖಪುಟವೇ ಕಾಣುತ್ತದೆ. ಹಾಗಾಗಿ ಊರಿಗೆಲ್ಲ ಗೊತ್ತಾದ ಮೇಲೆ ಯಜಮಾನನಿಗೆ ಗೊತ್ತಾಗುತ್ತದೆ. ಇದು ಎಷ್ಟು ಸಾಮಾನ್ಯ ಅಂದರೆ, ಜಪಾನಿ ಪದಗಳ ಈ ಹ್ಯಾಕನ್ನು ತೊಳೆಯುವುದು ಹೇಗೆಂದು ಗೂಗಲ್ ಬೇರೆಯಾಗಿಯೇ ಮಾರ್ಗದರ್ಶಿ ಬರೆದಿಟ್ಟಿದೆ. ಕಳ್ಳರಿಗೆ ಬೇಕಾಗಿದ್ದದ್ದು ಕವಿಗೋಷ್ಠಿಯ ಫೋಟೋ ಅಲ್ಲ, ಸಂಘದ ಸೈಟು ಗೂಗಲ್‌ನ ಕಣ್ಣಲ್ಲಿ ಇಷ್ಟು ವರ್ಷ ಉಳಿಸಿಕೊಂಡಿದ್ದ ಒಳ್ಳೆಯ ಹೆಸರು. ಈ ಸೈಟನ್ನೇ ಯಾರೂ ಹೊಂಚುಹಾಕಿ ಆರಿಸಿದ್ದೂ ಅಲ್ಲ. ಸೈಟಿಗೆ ಸೇರಿಸಿಕೊಳ್ಳುವ ಪ್ಲಗಿನ್ ಎಂಬ ಕಿರುತಂತ್ರಾಂಶಗಳ ಹಳೇ ಆವೃತ್ತಿ ಎಲ್ಲೆಲ್ಲಿ ಉಳಿದಿದೆ ಎಂದು ರೋಬಾಟ್ ಪ್ರೋಗ್ರಾಮುಗಳು ಹಗಲೂ ರಾತ್ರಿ ಬಾಗಿಲು ತಟ್ಟುತ್ತ ಹೋಗುತ್ತವೆ. ತೆರೆದದ್ದೇ ಅವುಗಳ ಮನೆ.

ಕೊನೆಗೆ ಖಜಾಂಚಿಯ ಸೋದರ ಸೊಸೆ, ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಹುಡುಗಿ, ಭಾನುವಾರ ಕೂತು ನೋಡಿದಳು. ಫೋಟೋಗಳ ಫೋಲ್ಡರಿನಲ್ಲಿ ಹಾರ, ಶಾಲು, ಫಲತಾಂಬೂಲದ ಚಿತ್ರಗಳ ನಡುವೆ ಒಂದು ಕಡತ ಚಿತ್ರವೇ ಆಗಿರಲಿಲ್ಲ. ಅದರ ಬಾಲದಲ್ಲಿ ಜೆಪಿಜಿ ಬದಲು ಪ್ರೋಗ್ರಾಮಿನ ಗುರುತಾದ ಪಿಎಚ್‌ಪಿ ಇತ್ತು. ತೆರೆದರೆ ಅರ್ಥವಿಲ್ಲದ ಅಕ್ಷರಗಳ ಒಂದೇ ಉದ್ದ ಸಾಲು. ಅಪ್‌ಡೇಟ್ ಕಾಣದ ಒಂದು ಫಾರ್ಮ್ ಪ್ಲಗಿನ್ ಮೂಲಕ ಅದು ಒಳಬಂದಿತ್ತು. ಗೂಗಲ್ ಸರ್ಚ್ ಕನ್ಸೋಲಿನಲ್ಲಿ ಸೈಟಿನ ಮಾಲೀಕರ ಪಟ್ಟಿ ತೆರೆದಾಗ ರಾಯರ ಇಮೇಲಿನ ಪಕ್ಕದಲ್ಲಿ ಇನ್ನೊಂದು ಅಪರಿಚಿತ ಇಮೇಲ್ ಕೂತಿತ್ತು. ಸದಸ್ಯತ್ವ ಶುಲ್ಕ ಕೊಡದೆ ಸಂಘದ ಜಂಟಿ ಮಾಲೀಕನಾದ ಮೊದಲಿಗ ಅವನೇ ಇರಬೇಕು. ಬ್ಯಾಕಪ್ ಇದೆಯೇ ಎಂದು ಹುಡುಗಿ ಕೇಳಿದಳು. ಇತ್ತು. ಅದೇ ಸರ್ವರಿನ ಇನ್ನೊಂದು ಫೋಲ್ಡರಿನಲ್ಲಿ, ಅದೇ ಸೋಂಕಿನ ಸಮೇತ.

ರಾಯರ ತರ್ಕದಲ್ಲಿ ಒಂದು ಮೂಲಭೂತ ಎಡವಟ್ಟಿದೆ. ಮುಟ್ಟದೆ ಬಿಟ್ಟರೆ ಸೈಟು ಇದ್ದಂತೆಯೇ ಇರುತ್ತದೆ ಎಂದು ಅವರು ನಂಬಿದ್ದಾರೆ. ಆದರೆ ಅಪ್‌ಡೇಟ್ ಹೊರಬಂದ ಗಳಿಗೆಯಿಂದ ಹಳೆಯ ಆವೃತ್ತಿ ಮೊದಲಿಗಿಂತ ಅಪಾಯಕಾರಿ ಆಗುತ್ತದೆ. ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟು ಯಾವ ಸಾಲು ಬದಲಾಗಿದೆ ಎಂದು ನೋಡಿದರೆ, ತೂತು ಎಲ್ಲಿತ್ತೆಂಬುದು ಬಲ್ಲವರಿಗೆ ತಿಳಿದುಬಿಡುತ್ತದೆ.

2017ರ ಜನವರಿ 26ರಂದು ವರ್ಡ್‌ಪ್ರೆಸ್ 4.7.2 ಬಿಡುಗಡೆಯಾಯಿತು. ಪಾಸ್‌ವರ್ಡೇ ಇಲ್ಲದೆ ಯಾರು ಬೇಕಾದರೂ ಲೇಖನ ತಿದ್ದಬಹುದಾದ ದೋಷವೊಂದನ್ನು ಅದು ಮುಚ್ಚಿತ್ತು. ಜನರಿಗೆ ಅಪ್‌ಡೇಟ್ ಮಾಡಿಕೊಳ್ಳಲು ಸಮಯ ಸಿಗಲೆಂದು ತಂಡ ಆ ವಿಷಯವನ್ನು ಸುಮಾರು ಒಂದು ವಾರ ಗುಟ್ಟಾಗಿಟ್ಟು ಫೆಬ್ರವರಿ 1ಕ್ಕೆ ಪ್ರಕಟಿಸಿತು. ಕೆಲವೇ ದಿನಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಪುಟಗಳನ್ನು ಹಾಳುಗೆಡವಲಾಯಿತು. ಇಂಥ ಸಣ್ಣ ಭದ್ರತಾ ಅಪ್‌ಡೇಟುಗಳು ತಾವಾಗಿಯೇ ಆಗಿಬಿಡುವ ವ್ಯವಸ್ಥೆ 2013ರ 3.7ರಿಂದಲೇ ಇದೆ. ಅದನ್ನು ಹಾಗೇ ಬಿಟ್ಟಿದ್ದವರು ನಿದ್ದೆ ಮಾಡಿ ಎದ್ದರು. ರಾಯರಂಥವರು "ನಮಗೆ ಹೇಳದೆ ಕೇಳದೆ ಏನೋ ಮಾಡಿಬಿಡುತ್ತೆ" ಎಂದು ಆಫ್ ಮಾಡಿಟ್ಟಿದ್ದರು.

ಡ್ರುಪಾಲ್ ಎಂಬ ಇನ್ನೊಂದು ತಂತ್ರಾಂಶದವರಿಗೆ ವಾರವೂ ಸಿಗಲಿಲ್ಲ. 2014ರ ಅಕ್ಟೋಬರ್ 15ರಂದು ಅದರ 7ನೇ ಆವೃತ್ತಿಯ ಗಂಭೀರ ದೋಷಕ್ಕೆ ಪರಿಹಾರ ಬಂತು. ಎರಡು ವಾರದ ನಂತರ ಅವರ ಭದ್ರತಾ ತಂಡವೇ ಎಚ್ಚರಿಸಿತು: ಪ್ರಕಟಣೆಯಾದ ಏಳು ಗಂಟೆಯೊಳಗೆ ಸರಿಪಡಿಸದಿದ್ದ ಪ್ರತಿ ಸೈಟಿಗೂ ಕನ್ನ ಬಿದ್ದಿದೆ ಎಂದೇ ತಿಳಿಯಿರಿ. ನಮ್ಮ ಗಡಿಯಾರದಲ್ಲಿ ಆ ಏಳು ಗಂಟೆ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ನಾಲ್ಕೂವರೆ. ಎದ್ದು ಹಲ್ಲುಜ್ಜಿ ನೋಡೋಣವೆಂದವರಿಗೂ ತಡವಾಗಿತ್ತು.

ದೊಡ್ಡ ಕಂಪನಿಗಳಲ್ಲಿ ರಾಯರಿಲ್ಲ ಎಂದೇನೂ ತಿಳಿಯಬೇಕಾಗಿಲ್ಲ. 2016ರಲ್ಲಿ ಪನಾಮಾ ಪೇಪರ್ಸ್ ಹೊರಬಂದಾಗ, ಶ್ರೀಮಂತರ ಗುಟ್ಟು ಕಾಯುವುದನ್ನೇ ಕಸುಬಾಗಿಸಿಕೊಂಡಿದ್ದ ಮೊಸಾಕ್ ಫೊನ್ಸೆಕಾ ಸಂಸ್ಥೆಯ ಗ್ರಾಹಕರ ಪೋರ್ಟಲ್ 2013ರ ಡ್ರುಪಾಲ್ ಆವೃತ್ತಿಯಲ್ಲೇ ನಡೆಯುತ್ತಿದ್ದದ್ದು ಕಂಡುಬಂತು. ಅವರ ವರ್ಡ್‌ಪ್ರೆಸ್ ಮುಖಪುಟದಲ್ಲಿ ಫೋಟೋ ಜಾರಿಸುವ ರೆವಲ್ಯೂಷನ್ ಸ್ಲೈಡರ್ ಪ್ಲಗಿನ್ನಿನ ಹಳೆಯ ಪ್ರತಿ ಇತ್ತು. ಪನಾಮಾ ಪೇಪರ್ಸ್ ಎಂಬ ಹೆಸರಲ್ಲಿ ಸೋರಿಹೋದ ಆ ಸಂಸ್ಥೆಯ ಕಡತಗಳು ಈ ದಾರಿಯಲ್ಲೇ ಹೋದವು ಎಂದು ಸಾಬೀತಾಗಿಲ್ಲ, ನಿಜ. ಆದರೆ ಹೋಗಲು ಬಾಗಿಲಂತೂ ತೆರೆದಿತ್ತು. ಅದೇ ಪ್ಲಗಿನ್ನಿನ ದೋಷದಿಂದ 2014ರ ಡಿಸೆಂಬರಿನಲ್ಲಿ ಲಕ್ಷಕ್ಕೂ ಮಿಕ್ಕಿ ಸೈಟುಗಳು ಸೋಂಕು ತಗಲಿಸಿಕೊಂಡಿದ್ದವು. ಎಷ್ಟೋ ಜನರಿಗೆ ಆ ಪ್ಲಗಿನ್ ಸೈಟಿನ ವಿನ್ಯಾಸದ ಥೀಮಿನ ಜೊತೆ ಕಟ್ಟಿಕೊಂಡು ಬಂದಿತ್ತು, ತಮ್ಮಲ್ಲಿ ಅದಿದೆ ಎಂಬುದೇ ಗೊತ್ತಿರಲಿಲ್ಲ. ಜಾರುವ ಫೋಟೋಗಳ ಮೇಲೆ ಈ ಬರಹಗಾರನಿಗೆ ಮೊದಲಿನಿಂದಲೂ ಇರುವ ಅಸಮಾಧಾನಕ್ಕೆ ಇದೊಂದು ಆಧಾರವೂ ಸಿಕ್ಕಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ರಾಯರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರ ಭಯ ಬರಿಯ ಸೋಮಾರಿತನದ್ದಲ್ಲ. ಬಹಳ ಹಿಂದೆ ಒಮ್ಮೆ ಯಾರದೋ ಮಾತು ಕೇಳಿ ಅಪ್‌ಡೇಟ್ ಒತ್ತಿದ್ದರಂತೆ. ಡೇಟಾಬೇಸಿನ ಅಕ್ಷರ ಸಂಕೇತದಲ್ಲಿ ಏನೋ ಹೆಚ್ಚುಕಡಿಮೆಯಾಗಿ ಸಂಘದ ಮೂವತ್ತು ವರ್ಷದ ವರದಿಗಳು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾದವು. ಪುಟದ ತುಂಬ ಒಂದೇ ಒಂದು ಕನ್ನಡ ಅಕ್ಷರ ಉಳಿದಿರಲಿಲ್ಲ. ರಾಯರು ಹಳೆಯ ಸ್ಮರಣಸಂಚಿಕೆಗಳನ್ನು ಗುಡ್ಡೆ ಹಾಕಿಕೊಂಡು ಎಲ್ಲವನ್ನೂ ಮತ್ತೆ ಕೈಯಾರೆ ಟೈಪ್ ಮಾಡಿದರು. ಆಗ ಯಾರೂ ಸಹಾಯಕ್ಕೆ ಬರಲಿಲ್ಲ, ಉಪಸಮಿತಿಯೂ ಇರಲಿಲ್ಲ. 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 5.0 ಬಂದು ಬರೆಯುವ ಪುಟದ ಚಹರೆಯನ್ನೇ ಬದಲಾಯಿಸಿದಾಗ ಅವರೊಬ್ಬರೇ ಕಂಗಾಲಾದದ್ದಲ್ಲ. ಹಳೆಯದನ್ನು ವಾಪಸು ತರುವ ಪ್ಲಗಿನ್ನನ್ನು ಲಕ್ಷಾಂತರ ಸೈಟುಗಳು ಹಾಕಿಕೊಂಡವು. 2017ರಲ್ಲಿ ಡಿಸ್‌ಪ್ಲೇ ವಿಜೆಟ್ಸ್ ಎಂಬ ಜನಪ್ರಿಯ ಪ್ಲಗಿನ್ ಕೈಬದಲಾಗಿ, ಹೊಸ ಮಾಲೀಕ ಅಪ್‌ಡೇಟಿನೊಳಗೇ ಕಳ್ಳಗಿಂಡಿ ಇಟ್ಟು ಕಳಿಸಿದ್ದೂ ಉಂಟು.

ಆದರೂ ಲೆಕ್ಕ ಅಪ್‌ಡೇಟಿನ ಕಡೆಗೇ ತೂಗುತ್ತದೆ. ಕೆಟ್ಟ ಅಪ್‌ಡೇಟನ್ನು ಒಳ್ಳೆಯ ಬ್ಯಾಕಪ್ಪಿನಿಂದ ಒಂದು ಸಂಜೆಯಲ್ಲಿ ಹಿಂತೆಗೆಯಬಹುದು. ಯಾವಾಗ ಒಳಬಂತೆಂದೇ ತಿಳಿಯದ ಕನ್ನಕ್ಕೆ ಯಾವ ದಿನದ ಬ್ಯಾಕಪ್ ಸಾಚಾ ಎಂದು ಹೇಳುವವರಿಲ್ಲ. ಮುಟ್ಟದೆ ಇರುವ ಸುಖವೂ ಬಹಳ ದಿನದ್ದಲ್ಲ. ವರ್ಡ್‌ಪ್ರೆಸ್ ನಿಂತಿರುವ ಪಿಎಚ್‌ಪಿಯ 7.4ನೇ ಆವೃತ್ತಿಗೆ 2022ರ ನವೆಂಬರಿನಲ್ಲಿ ಬೆಂಬಲ ನಿಂತಿತು, ಡ್ರುಪಾಲ್ 7ಕ್ಕೆ 2025ರ ಜನವರಿಯಲ್ಲಿ. ಹೋಸ್ಟಿಂಗ್‌ನವರು ಅಡಿಪಾಯ ಬದಲಾಯಿಸಿದ ದಿನ ಹಳೆಯ ಪ್ಲಗಿನ್ ಮುಗ್ಗರಿಸಿ ಮುಖಪುಟ ಬೆಳ್ಳಗಾಗುತ್ತದೆ.

ರಾಯರನ್ನು ನೋಡಿದರೆ ಒಮ್ಮೊಮ್ಮೆ ಪಾಪ ಅನಿಸುತ್ತದೆ. ಸರಿಯಾಗಿ ನಡೆದ ಅಪ್‌ಡೇಟಿಗೆ ಯಾವ ಸಭೆಯೂ ಚಪ್ಪಾಳೆ ತಟ್ಟಿದ್ದಿಲ್ಲ. ಸೈಟು ಒಂದು ಗಂಟೆ ನಿಂತರೆ ಮಾತ್ರ ಎಲ್ಲರಿಗೂ ಅವರ ನೆನಪಾಗುತ್ತದೆ. ಡೊಮೇನ್ ನವೀಕರಣದ ದುಡ್ಡನ್ನು ಎಷ್ಟೋ ವರ್ಷ ಅವರೇ ಕೈಯಿಂದ ಕಟ್ಟಿದ್ದಾರೆ, ರಸೀದಿ ಕೇಳಿಲ್ಲ. ಗೂಗಲ್‌ನ ಫಲಿತಾಂಶದಿಂದ ಕೈಚೀಲಗಳು ಒಂದೊಂದಾಗಿ ಮಾಯವಾಗುವವರೆಗೂ ದಿನಾ ಬೆಳಗ್ಗೆ ಸಂಘದ ಹೆಸರು ಹುಡುಕಿ ನೋಡುತ್ತಿದ್ದವರು ಅವರೊಬ್ಬರೇ. ಈಗ ಕೆಂಪು ಚುಕ್ಕೆ ಸೊನ್ನೆಗಿಳಿದಿದೆ, ಬ್ಯಾಕಪ್ ಬೇರೆ ಕಡೆ ಹೋಗುತ್ತದೆ, ಪಾಸ್‌ವರ್ಡ್ ಬದಲಾಗಿದೆ. ಹಸಿರು ಮೀಟರನ್ನು ತೆಗೆಯಲು ಮಾತ್ರ ರಾಯರು ಜಪ್ಪಯ್ಯ ಅಂದರೂ ಒಪ್ಪಿಲ್ಲ.

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ನಿಮ್ಮ ಆಯವ್ಯಯದಲ್ಲಿ ಶಾಲು ಹಾರಕ್ಕೆ ಒಂದು ಬಾಬು ಇದೆ, ಶಾಮಿಯಾನಕ್ಕೆ ಇದೆ, ಉಪ್ಪಿಟ್ಟು ಕೇಸರಿಬಾತಿಗೂ ಇದೆ. ವೆಬ್‌ಸೈಟ್ ನಿರ್ವಹಣೆಗೂ ಒಂದು ಬಾಬು ಸೇರಿಸಿ. ತಿಂಗಳಿಗೊಮ್ಮೆ ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್ ಮಾಡಿಸಿ, ಬೇಡದ ಪ್ಲಗಿನ್ ಅಳಿಸಿಹಾಕಿಸಿ. ಸಣ್ಣ ಭದ್ರತಾ ಅಪ್‌ಡೇಟುಗಳು ತಾವಾಗಿಯೇ ಆಗಲು ಬಿಡಿ. ನಿಮ್ಮ ರಾಯರ ಜೊತೆಗೆ ಇನ್ನೊಬ್ಬರಿಗೂ ಬೇರೆ ಲಾಗಿನ್ ಇರಲಿ. ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಉಪಾಹಾರಕ್ಕೆ ಮುಂಚೆಯೇ ಹಾಕಿಸಿ, ಆಮೇಲೆ ಯಾರೂ ಕೂತಿರುವುದಿಲ್ಲ.