ಚಂದ್ರಂಪಳ್ಳಿಯ ಕಡಲ್ಗಳ್ಳ

ನಮ್ಮ ಅಜ್ಜಿಯ ಊರಿನವರು ಸಮುದ್ರ ನೋಡಬೇಕೆಂದರೆ ವಾಡಿ ಜಂಕ್ಷನ್‌ವರೆಗೆ ಹೋಗಿ, ಮುಂಬೈ ರೈಲು ಹತ್ತಿ, ಒಂದು ರಾತ್ರಿ ತೂಕಡಿಸಬೇಕು. ಅಂಥ ಒಣನೆಲದ ಚಿಂಚೋಳಿ ಸೀಮೆಯಲ್ಲಿ ನಾನು ಒಂದು ಮಧ್ಯಾಹ್ನದ ಮಟ್ಟಿಗೆ ಕಡಲ್ಗಳ್ಳನಾಗಿದ್ದೆ.

ಆಗ ನನಗೆ ಒಂಬತ್ತು ವರ್ಷ. ಹೆದರಿಕೆಗಳ ಪಟ್ಟಿ ಉದ್ದವಿತ್ತು: ಕತ್ತಲೆ, ಬಾವಿ, ಕೋಳಿಹುಂಜ, ಹೆಡ್‌ಮಾಸ್ತರರ ಕೆಮ್ಮು. ಕಡಲ್ಗಳ್ಳರ ಹುಚ್ಚು ಹಿಡಿದದ್ದು ದೊಡ್ಡಪ್ಪನ ಮಗನಿಗೆ. ‘ಟ್ರೆಷರ್ ಐಲ್ಯಾಂಡ್’ ಓದಿ ಬಂದಿದ್ದ. ಅದರಲ್ಲಿನ ಹುಡುಗ ಜಿಮ್ ಸೇಬಿನ ಪೀಪಾಯಿಯೊಳಗೆ ಕೂತು ಕಳ್ಳರ ಒಳಸಂಚು ಕೇಳಿಸಿಕೊಳ್ಳುತ್ತಾನಲ್ಲ, ಇಡೀ ಕತೆಯಲ್ಲಿ ನನಗೆ ಹಿಡಿಸಿದ್ದು ಆ ಪೀಪಾಯಿ ಒಂದೇ.

ಅಣ್ಣ ನಮ್ಮನ್ನೆಲ್ಲ ಚಂದ್ರಂಪಳ್ಳಿ ಡ್ಯಾಮಿಗೆ ಹೊರಡಿಸಿದ. ತೊಗರಿ ಕಟ್ಟಿಗೆಯ ಕತ್ತಿ, ಅಕ್ಕನ ಕರಿ ರಿಬ್ಬನ್ನಿನ ಕಣ್ಣುಪಟ್ಟಿ, ಬುತ್ತಿಗೆ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

“ಇದು ಸಮುದ್ರ ಅಲ್ಲಲ್ಲ?” ಎಂದೆ, ಏನಾದರೂ ನೆಪ ಸಿಕ್ಕೀತೆಂದು.

“ಈ ನೀರು ಮುಲ್ಲಾಮರಿಗೆ ಹೋಗ್ತದ. ಮುಲ್ಲಾಮರಿ ಕಾಗಿಣಾಕ್ಕ, ಕಾಗಿಣಾ ಭೀಮಾಕ್ಕ, ಭೀಮಾ ಕೃಷ್ಣಾಕ್ಕ. ಕೃಷ್ಣಾ ಎಲ್ಲಿಗಿ ಹೋಗ್ತದ?”

“ಬಂಗಾಳ ಕೊಲ್ಲಿಗೆ.”

“ಮತ್ತ? ಇದು ಸಮುದ್ರದ ಈಚಿ ದಂಡಿ. ನಡಿ.”

ಈ ತರ್ಕವನ್ನು ತಳ್ಳಿಹಾಕುವ ಧೈರ್ಯ ಈಗಲೂ ನನಗಿಲ್ಲ. ಅದೇ ಕಾಗಿಣಾ ದಂಡೆಯ ಮಳಖೇಡದಲ್ಲಿ, ಸಮುದ್ರದಿಂದ ಇಷ್ಟೇ ದೂರ ಕೂತು, ರಾಷ್ಟ್ರಕೂಟರು ಕೊಂಕಣದ ಬಂದರುಗಳ ಮೇಲೂ ಹಿಡಿತ ಇಟ್ಟಿದ್ದರು. ಅರಬ್ ವರ್ತಕರಿಗೆ ಇವರ ಹೆಸರು ಚೆನ್ನಾಗಿ ಗೊತ್ತಿತ್ತು. ಅಣ್ಣ ಕೇಳಿದ್ದು ಒಂದು ಹರಗೋಲು ಮಾತ್ರ.

ಅದು ದಂಡೆಯಲ್ಲಿ ಬೋರಲು ಬಿದ್ದಿತ್ತು. ಅದರ ಒಡೆಯ ಕಾಣಲಿಲ್ಲ. ಬಿದಿರಿನ ಹೆಣಿಗೆ, ಹೊರಗೆ ಗೋಣಿತಟ್ಟು, ಅದರ ಮೇಲೆ ಡಾಂಬರು. ಬಿಸಿಲಿಗೆ ಡಾಂಬರು ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ಒಳಗೆ ಒಂದೆರಡು ಮೀನಿನ ಪರೆ ಒಣಗಿ ಮಿನುಗುತ್ತಿದ್ದವು.

“ಹತ್ತೋ! ಯಾಕ ಅಂಜ್ಲತ್ತಿ?”

“ಮೊಸಳಿ ಅದಾವ ಅಂತ ನೀನೇ ಅಂದಿದ್ದೆಲ್ಲ.”

“ಅವು ಮಧ್ಯಾಹ್ನ ಮಲಗ್ತಾವ.”

ನಾನು ಜಗ್ಗಲಿಲ್ಲ. ಕಡೆಗೆ ನನ್ನನ್ನು ಖಜಾಂಚಿ ಮಾಡಿ, ಎಲ್ಲರ ಅಂಗಿ ಮತ್ತು ಬುತ್ತಿಗಂಟು ಕಾಯಲು ದಂಡೆಯಲ್ಲಿ ಕೂರಿಸಿದರು. ನನ್ನ ಅಂಗಿಯನ್ನೂ ಬಿಚ್ಚಿಸಿದರು. ಕಡಲ್ಗಳ್ಳರ ಸಮವಸ್ತ್ರ ಚಡ್ಡಿ ಮಾತ್ರವಂತೆ.

ಹರಗೋಲಿಗೆ ಹಿಂದು ಮುಂದು ಇಲ್ಲ. ಬಲ್ಲವರು ಹುಟ್ಟನ್ನು ಮುಂದಕ್ಕೆ ಹಾಕಿ ನೀರನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ನಮ್ಮವರು ಪಕ್ಕಕ್ಕೆ ಹುಟ್ಟು ಹಾಕಿದರು. ಹಡಗು ದಂಡೆಯಿಂದ ಹತ್ತು ಮಾರು ಹೋಗಿ, ಗಿರಣಿ ಕಲ್ಲಿನಂತೆ ನಿಂತಲ್ಲೇ ತಿರುಗತೊಡಗಿತು. ಅಣ್ಣ ಒಂದು ಸುತ್ತಿಗೊಮ್ಮೆ ನನ್ನ ಕಡೆ ಮುಖ ಬಂದಾಗ ಕತ್ತಿ ಎತ್ತಿ ಘರ್ಜಿಸುತ್ತಿದ್ದ.

ಆಗ ಬಂದವು ಮಂಗ್ಯಾಗಳು. ಚಿಂಚೋಳಿ ಕಾಡು ವನ್ಯಜೀವಿಧಾಮ ಅಂತ ಘೋಷಣೆಯಾದದ್ದು 2011ರಲ್ಲಿ. ಆದರೆ ಅವುಗಳ ಆವತ್ತಿನ ಧೈರ್ಯ ಸರ್ಕಾರ ಕೊಟ್ಟದ್ದಲ್ಲ, ಸ್ವಂತದ್ದು. ಮುಖಂಡ ನನ್ನೆದುರು ಕುಕ್ಕರಗಾಲಲ್ಲಿ ಕೂತ, ಸಾಲ ವಸೂಲಿಗೆ ಬಂದವನ ಹಾಗೆ. ಬುತ್ತಿ ನೋಡಿದ, ನನ್ನನ್ನು ನೋಡಿದ. ಗಂಟನ್ನು ನಾನೇ ಅವನತ್ತ ತಳ್ಳಿದೆ ಎಂಬ ಸಂಗತಿ ಇದುವರೆಗೆ ಮನೆಯಲ್ಲಿ ಹೇಳಿಲ್ಲ. ಅಷ್ಟಕ್ಕೆ ತೃಪ್ತಿಯಾಗದೆ ಉಳಿದವು ಅಂಗಿಗಳನ್ನು ಎತ್ತಿಕೊಂಡವು. ಒಂದು ಬಂದು ನನ್ನ ಚಡ್ಡಿಯ ಲಾಡಿಗೇ ಕೈ ಹಾಕಿತು.

ಕೋಳಿಹುಂಜಕ್ಕಿಂತ ಬಾವಿ ಮೇಲು, ಮಂಗ್ಯಾಕ್ಕಿಂತ ಮೊಸಳೆ ಮೇಲು. ಹೀಗೆ ನನ್ನ ಪಟ್ಟಿ ಒಂದೇ ಕ್ಷಣದಲ್ಲಿ ಅದಲುಬದಲಾಗಿ, ನಾನು ಕಿರುಚುತ್ತ ನೀರಿಗೆ ನುಗ್ಗಿದೆ. ಎದೆಮಟ್ಟ ನೀರು ಬಂತು, ಗದ್ದ ಮುಟ್ಟಿತು. ಹರಗೋಲಿನ ಅಂಚು ಕೈಗೆ ಸಿಕ್ಕಿತು.

“ಭಲೇ ಹುಲಿ! ಒಬ್ಬನೇ ಬಂದ ನೋಡ್ರಿ!” ಎಂದು ಅಣ್ಣ ರಟ್ಟೆ ಹಿಡಿದು ಒಳಗೆಳೆದ. ಅವನ ಬೆನ್ನ ಹಿಂದೆ, ದಂಡೆಯ ಮರದಲ್ಲಿ, ಅವನದೇ ಅಂಗಿ ಹಾರಾಡುತ್ತಿತ್ತು. ನಾನು ತಿದ್ದಲಿಲ್ಲ. ಹೊಗಳಿಕೆ ಹಾಗೆಲ್ಲ ದಿನಾ ಬರುವುದಿಲ್ಲ. ಮುಂದಿನ ಅರ್ಧ ಗಂಟೆ ನಾನೂ ತಿರುಗಿದೆ. ಮೊಸಳೆ ನೆನಪಾದದ್ದು ದಂಡೆಗೆ ಬಂದ ಮೇಲೆ.

ಬಹಳ ವರ್ಷಗಳ ನಂತರ ಇಬ್ನ್ ಬತೂತನ ಪ್ರವಾಸದ ಬಗ್ಗೆ ಓದಿದೆ. ಹದಿನಾಲ್ಕನೇ ಶತಮಾನದಲ್ಲಿ, ಹೊನ್ನಾವರ ಮತ್ತು ಬಾರ್ಕೂರಿನ ನಡುವಿನ ಕಡಲಲ್ಲಿ, ಹನ್ನೆರಡು ಹಡಗುಗಳ ಕಳ್ಳರು ಅವನನ್ನು ಮುತ್ತಿ, ಸಿಂಹಳದ ರಾಜ ಕೊಟ್ಟ ಮುತ್ತು ರತ್ನ ಸಮೇತ ಎಲ್ಲ ದೋಚಿ, ಮೈಮೇಲೆ ಇಜಾರವೊಂದನ್ನು ಬಿಟ್ಟರಂತೆ. ಓದಿ ನನಗೆ ಆಪ್ತನೊಬ್ಬ ಸಿಕ್ಕ ಹಾಗಾಯಿತು. ಅವನಿಗೂ ಕೊನೆಗೆ ಉಳಿದದ್ದು ಅದೊಂದೇ.

ಆ ಸಂಜೆ ನಾವು ನಾಲ್ವರು ಬರಿಮೈಯಲ್ಲಿ, ಹಸಿದುಕೊಂಡು ಅಂಗಳಕ್ಕೆ ಬಂದಾಗ ಅಜ್ಜಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

“ಅಂಗಿ ಎಲ್ಲಿ ಹೋದ್ವೋ?”

ಅಣ್ಣ ಎದೆ ಸೆಟೆಸಿದ. “ಕಡಲ್ಗಳ್ಳರು ಒಯ್ದರು, ಆಯಿ.”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದಳು.

“ಅವರ ಮನಿ ಹಾಳಾಗ್ಲಿ. ಯಾ ಊರಾನೋರಂತ?”